ಕೇದಗೆಕುರ್ವೆಯ ಕವುಚಿಟ್ಟ ಕೊಡಗಳು

ಪೂಜ್ಯ ಶ್ರೀ ವಿಮಲಬೋಧ ಸ್ವಾಮಿಗಳು ಕೇದಗೆಕುರ್ವೆಗೆ ಚಿತ್ತೈಸಿದ ದಿನ ಅವರಿಗೆ ಸಿಂಹಾಸನವಾಗಿ ಒದಗಿದ್ದು ಕವುಚಿ ಹಾಕಿದ ಒಂದು ಹಳೆಯ ಪಾತಿದೋಣಿ. ಅದರ ಮೇಲೆ ಊರಿನವರು ಹೊಸ ಚಾಪೆ ಹಾಸಿದ್ದರು. ಸ್ವಾಮಿಗಳು ಸಂತೋಷದಿಂದಲೇ ಕುಳಿತರು. ಮಠದ ಪಾರುಪತ್ಯಗಾರ ರಾಮದಾಸ ಶಾನಭಾಗರಿಗೆ ಮಾತ್ರ ಸಂತೋಷವಾಗಲಿಲ್ಲ. ಪೀಠದ ಗೌರವಕ್ಕೆ ನಾಲ್ಕು ಕಾಲಾದರೂ ಬೇಕೆಂಬುದು ಅವರ ಅಭಿಪ್ರಾಯವಾಗಿತ್ತು.

ಕೇದಗೆಕುರ್ವೆ ಎಂದರೆ ಹೊಳೆ ಸಮುದ್ರಕ್ಕೆ ಸೇರುವಲ್ಲಿ ಎದ್ದ ಒಂದು ದಿಬ್ಬ. ಮೇಲೆ ಒಂದಿಷ್ಟು ಅಂಬಿಗರ ಮನೆ, ಸುತ್ತ ಉಪ್ಪುನೀರು, ನಡುವೆ ಒಂದು ಬಾವಿ. ಬಾವಿಯ ನೀರೂ ಉಪ್ಪೇ. ಕುಡಿಯುವ ನೀರು ಆಚೆ ದಡದಿಂದ ದೋಣಿಯಲ್ಲಿ ಬರಬೇಕು. ಉಬ್ಬರವಿದ್ದಾಗ ದೋಣಿ ಓಡುತ್ತದೆ. ಇಳಿತವಾದರೆ ದಾರಿಯುದ್ದಕ್ಕೂ ಸೊಂಟದಾಳದ ಕೆಸರು. ಅಂಥ ಊರೊಂದಿದೆಯೆಂದು ಮಠಕ್ಕೆ ಬಹುಕಾಲ ತಿಳಿದಿರಲಿಲ್ಲ. ತಿಳಿಯದೆಯೇ ಇದ್ದಿದ್ದರೆ ಒಳ್ಳೆಯದಿತ್ತೇನೋ ಎಂದು ಸ್ವಾಮಿಗಳು ಮುಂದೊಮ್ಮೆ ಹೇಳಿದ್ದುಂಟು.

ಆ ಊರಿನಲ್ಲಿ ಒಂದು ಪದ್ಧತಿಯಿದೆ. ಹೊರಗಿನವರು ದೋಣಿಯಿಂದಿಳಿದರೆ ಮೊದಲು ಅವರಿಗೆ ನೀರು. ಅವರು ಕುಡಿಯದೆ ಮನೆಯವರು ಮುಟ್ಟುವಂತಿಲ್ಲ. ದೊಡ್ಡವರು ಬಂದರೆ ಮನೆಮನೆಯ ಕೊಡವೂ ಒಂದೇ ಹಂಡೆಗೆ ಸುರಿಯಬೇಕು. ಶಾನಭಾಗರು ಮೊದಲೇ ಹೇಳಿಕಳುಹಿಸಿದ್ದರು: ಗುರುಗಳ ಸ್ನಾನಕ್ಕೆ, ಶಿಷ್ಯರ ಮಡಿಗೆ, ಪಾದಪೂಜೆಗೆ ಧಾರಾಳವಾಗಿ ಸಿಹಿನೀರು ಬೇಕು. ಎಲ್ಲಿಂದ ಎಂದು ಅವರು ಕೇಳಲಿಲ್ಲ. ಊರಿನವರೂ ಹೇಳಲಿಲ್ಲ. ಬೆಳಗ್ಗೆ ನೀರು ತರಬೇಕಾದ ದೋಣಿಯಿಂದ ಕೊಡಗಳನ್ನಿಳಿಸಿ ಮಠದವರನ್ನು ಕೂರಿಸಿಕೊಂಡು ಬಂದರು.

ಪಾದಪೂಜೆ ಸಾಂಗವಾಗಿ ನಡೆಯಿತು. ತಂಬಿಗೆಯ ಮೇಲೆ ತಂಬಿಗೆ ಸುರಿದರು. ಆಗ ಮಾದೇವಿ ಎಂಬ ಮುದುಕಿ ಕಂಕುಳಲ್ಲಿ ಖಾಲಿ ಕೊಡವಿಟ್ಟುಕೊಂಡು ಮುಂದೆ ಬಂದಳು.

"ಸ್ವಾಮ್ಯೋರೇ, ಕಾಲು ತೊಳ್ದ ನೀರು ಚೆಲ್ಲಬೇಡಿ. ನಂಗೆ ಕೊಡಿ."

ಶಾನಭಾಗರು ನಕ್ಕರು. "ಒಂದು ಉದ್ಧರಣೆ ಸಾಕಮ್ಮ. ಕೊಡ ತಂದು ಯಾರಾದರೂ ತೀರ್ಥ ಒಯ್ಯುತ್ತಾರೆಯೇ?"

"ಮನೇಲಿ ಬಾಣಂತಿ ಇದ್ದಾಳೆ. ಜ್ವರ."

"ಹಾಗಾದರೆ ಎರಡು ಉದ್ಧರಣೆ."

ಶಿಷ್ಯರೂ ನಕ್ಕರು. ಸ್ವಾಮಿಗಳು ಆಕೆಯ ಭಕ್ತಿಗೆ ಮೆಚ್ಚಿ ಮುಗುಳ್ನಕ್ಕು, ಶುಭವಾಗಲಿ ಎಂದು ಹರಸಿದರು. ಮುದುಕಿ ಅಂಗೈಯಲ್ಲಿ ಬಿದ್ದ ಎರಡು ಉದ್ಧರಣೆ ನೀರನ್ನು ನೋಡಿದಳು, ಅದು ಚೆಲ್ಲದಂತೆ ನಿಧಾನವಾಗಿ ಮನೆಯತ್ತ ನಡೆದಳು. ಉಳಿದದ್ದನ್ನು ಶಾಸ್ತ್ರದಂತೆ ಯಾರೂ ತುಳಿಯದ ಕಡೆ, ಕೇದಗೆಯ ಬುಡಕ್ಕೆ ಹಾಕಲಾಯಿತು.

ಬಳಿಕ ಆಶೀರ್ವಚನ. ವಿಷಯ ಅತಿಥಿಸತ್ಕಾರದ ಮಹಿಮೆ. ಅದು ಸ್ವಲ್ಪ ದೀರ್ಘವಾಯಿತು. ಅಂಬಿಗ ಜಟ್ಟಿ ನಡುನಡುವೆ ಎದ್ದು ಹೊಳೆಯ ಕಡೆ ನೋಡುತ್ತಿದ್ದುದನ್ನು ಶಾನಭಾಗರು ಗಮನಿಸಿ, ಕುಳಿತುಕೊಳ್ಳಲು ಕಣ್ಸನ್ನೆ ಮಾಡಿದರು.

ದೋಣಿ ಹೊರಟಾಗ ನೀರು ಆಗಲೇ ಇಳಿಯುತ್ತಿತ್ತು. ಸ್ವಾಮಿಗಳು ಹಿಂತಿರುಗಿ ನೋಡಿದರು. ಪ್ರತಿ ಮನೆಯ ಬೇಲಿಗೂಟದ ಮೇಲೆ ಒಂದೊಂದು ಕೊಡ ಕವುಚಿ ಕುಳಿತಿತ್ತು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಬಡವರಾದರೂ ಎಷ್ಟು ಅಚ್ಚುಕಟ್ಟು!" ಎಂದರು ಶಾನಭಾಗರು.

ಸ್ವಾಮಿಗಳು ಜಟ್ಟಿಯನ್ನು ಕೇಳಿದರು: "ಕೊಡಗಳನ್ನು ಯಾಕಪ್ಪ ಹಾಗೆ ಇಟ್ಟಿದ್ದೀರಿ?"

"ಖಾಲಿ ಕೊಡ ಕವುಚೇ ಇಡೂದು, ಸ್ವಾಮ್ಯೋರೇ."

"ಎಲ್ಲ ಮನೆಯದ್ದೂ ಖಾಲಿಯೇ?"

"ಹೌದು. ತಾವು ಬಂದ್ರಲ್ಲ."

ಜಟ್ಟಿಯ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಸ್ವಾಮಿಗಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ಮತ್ತೆ ಕೇಳಿದರು: "ಕೊಡ ಹಿಡಿದು ಬಂದ ಆ ತಾಯಿ ಯಾರು?"

"ನಮ್ಮವ್ವಿ. ಬಾಣಂತಿ ನನ್ನ ಹೆಂಡ್ತಿ, ಸುಬ್ಬಿ. ತಮ್ಮನ್ನ ದಡಕ್ಕೆ ಬಿಟ್ಟು ಇದೇ ಉಬ್ಬರದಲ್ಲಿ ಎರಡು ಕೊಡ ತರ್ವ ಅಂದ್ಕಂಡಿದ್ದೆ. ಈಗ ನೀರು ಇಳೀತು, ಆಗ್ದು. ಸಂಜೆ ಉಬ್ಬರ ಬರ್ಬೇಕು."

ದಡ ತಲುಪುವಷ್ಟರಲ್ಲಿ ಸ್ವಾಮಿಗಳು ಒಂದೇ ಮಾತು ಹೇಳಿದರು:

"ಆಕೆ ನೀರು ಕೇಳಿದಳು. ನಾವು ತೀರ್ಥ ಕೊಟ್ಟೆವು."

ದಡದಲ್ಲಿ ಮಠದ ಕಾರು ಕಾಯುತ್ತಿತ್ತು. ಸ್ವಾಮಿಗಳು ಅದರತ್ತ ನೋಡಲಿಲ್ಲ. ಕಡವಿನ ಪಕ್ಕದ ಮನೆಗಳಲ್ಲಿ ಕೊಡಗಳನ್ನು ಬೇಡಿ ತಂದರು, ತಾವೇ ಅಲ್ಲಿನ ಸಿಹಿನೀರ ಬಾವಿಯ ಹಗ್ಗ ಹಿಡಿದರು. "ಶಿಷ್ಯರು ಸೇದುತ್ತಾರೆ, ಬುದ್ಧೀ" ಎಂದು ಶಾನಭಾಗರು ಅಡ್ಡಬಂದಾಗ ಸ್ವಾಮಿಗಳು ಇನ್ನೊಂದು ಕೊಡವನ್ನು ಬಾವಿಗೆ ಇಳಿಸಿದರು. ಶಾನಭಾಗರು ಸ್ವಲ್ಪ ಹೊತ್ತು ನಿಂತು ನೋಡಿ, ಜರಿ ಶಲ್ಯ ತೆಗೆದು ಕಾರಿನ ಮೇಲಿಟ್ಟು, ತಾವೂ ಹಗ್ಗಕ್ಕೆ ಕೈ ಹಾಕಿದರು. ಆಮೇಲೆ ಎಲ್ಲರೂ ತುಂಬಿದ ಕೊಡಗಳ ಪಕ್ಕದಲ್ಲಿ ಕುಳಿತು ಕೆಸರನ್ನು ನೋಡಿದರು. ತಪಸ್ಸಿನಲ್ಲಿ ಅನೇಕ ವರ್ಷ ಕಳೆದವರಿಗೂ ಆ ಮಧ್ಯಾಹ್ನ ಉದ್ದವಾಯಿತಂತೆ.

ಸಂಜೆಗೆಂಪಿನಲ್ಲಿ ದೋಣಿ ಕುರ್ವೆ ಮುಟ್ಟಿತು. ಸ್ವಾಮಿಗಳು ಹೆಗಲ ಮೇಲೆ ಕೊಡವಿಟ್ಟುಕೊಂಡು, ಮೊಣಕಾಲವರೆಗೆ ಕೆಸರು ತುಳಿದು, ಮಾದೇವಿಯ ಜಗಲಿಗೆ ಬಂದರು. ಒಳಗೆ ಕೂಸು ಅಳುತ್ತಿತ್ತು. ಸುಬ್ಬಿ ಕಣ್ಣು ಮುಚ್ಚಿ ಮಲಗಿದ್ದಳು, ತುಟಿ ಒಡೆದಿತ್ತು. ಮುದುಕಿ ಕೊಡ ಇಳಿಸಿಕೊಂಡಳು, ತಂಬಿಗೆ ಅದ್ದಿದಳು, ಸ್ವಾಮಿಗಳ ಮುಂದೆ ಹಿಡಿದಳು.

"ಮೊದಲು ಅವಳಿಗೆ, ತಾಯಿ."

"ಅದು ಆಗ್ದು ಸ್ವಾಮ್ಯೋರೇ. ಬಂದವ್ರು ಕುಡೀದೆ ಮನೆಯವ್ರು ಮುಟ್ಟೂದಿಲ್ಲ."

ಸ್ವಾಮಿಗಳು ತಂಬಿಗೆಯನ್ನು ಮೆಲ್ಲನೆ ಆಕೆಯ ಕಡೆಗೇ ಸರಿಸಿದರು.

"ಬಂದವರು ಬೆಳಗ್ಗೆಯೇ ಬಂದು ಹೋದರು. ಇವನು ನೀರು ಹೊತ್ತವನು."

ಮುದುಕಿ ಅವರ ಕೆಸರುಗಾಲನ್ನು ನೋಡಿದಳು. ತಂಬಿಗೆಯನ್ನು ಒಳಗೆ ಒಯ್ದಳು.

ಸುಬ್ಬಿ ಬದುಕಿದಳು. ಎದೆಹಾಲು ಮಾತ್ರ ಮತ್ತೆ ಬರಲಿಲ್ಲ. ಕೂಸನ್ನು ಊರಿನ ಬೇರೆ ತಾಯಂದಿರು ಸರದಿಯ ಮೇಲೆ ಸಾಕಿದರು. ಈ ಸುದ್ದಿ ಬಂದ ದಿನ ಸ್ವಾಮಿಗಳು ಮಠದ ಪಾದಪೂಜೆಯ ಬೆಳ್ಳಿ ತಟ್ಟೆಯನ್ನು ಒಳಗಿಡಲು ಹೇಳಿದರು. ಅದು ಅವರ ಕಾಲದಲ್ಲಿ ಮತ್ತೆ ಹೊರಗೆ ಬರಲಿಲ್ಲ. ಪಾದಪೂಜೆ ನಿಂತದ್ದು ಮೊಣಕಾಲು ನೋವಿನಿಂದ ಎಂದು ಭಕ್ತರು ತಿಳಿದರು, ಎಣ್ಣೆ ತಂದುಕೊಟ್ಟರು.

ಸ್ವಾಮಿಗಳ ಪಾದಸ್ಪರ್ಶದಿಂದ ಕೇದಗೆಕುರ್ವೆಯ ಬಾವಿ ಸಿಹಿಯಾಯಿತೆಂದು ಕೀರ್ತನೆಗಳಲ್ಲಿ ಹೇಳುವುದುಂಟು. ಕೇಳಲು ಚೆನ್ನಾಗಿದೆ. ಬಾವಿ ಇಂದಿಗೂ ಉಪ್ಪು.

ಬದಲಾದದ್ದು ಬೇರೆ. ರಾಮದಾಸ ಶಾನಭಾಗರು ಆಮೇಲೆ ಎಷ್ಟೋ ಊರುಗಳಿಗೆ ಹೋದರು, ಎಷ್ಟೋ ಮನೆಗಳಲ್ಲಿ ಅವರ ಮುಂದೆ ಬೆಲ್ಲ, ನೀರು ಇಟ್ಟರು. ಎಂಥ ಬಿಸಿಲಲ್ಲಿ ನಡೆದು ಬಂದಿದ್ದರೂ ಅವರು ಲೋಟವನ್ನು ಕೈಯಲ್ಲಿ ಹಿಡಿದು, ಕುಡಿಯುವ ಮೊದಲು ಒಮ್ಮೆ ಆ ಮನೆಯ ಬೇಲಿಯ ಕಡೆ ತಿರುಗಿ ನೋಡುತ್ತಿದ್ದರು.