ಅಡ್ಡಕ್ಕೆ ಕೂಡಿಸಲೋ, ಉದ್ದಕ್ಕೆ ಕೂಡಿಸಲೋ?

ಹೂಂಗುಡ್ತೀರೇನು? ಹೂಂ ಅಂದ್ರೆ ಹೇಳ್ತೀನಿ. ಹಾವೇರಿ ಕಡೆ ಗಿರಿಜವ್ವ ಅಂತ ಒಬ್ಬಳಿದ್ದಳು. ಕಂಪ್ಯೂಟರಿಗೆ ಲೆಕ್ಕ ಕಲಿಸುವುದು ಅವಳ ಕಸುಬು. ಮಗ ಫಕೀರಪ್ಪನಿಗೆ ಕಲಿಸುವುದು ಮಾತ್ರ ಅವಳ ಕೈಲಿ ಆಗಲಿಲ್ಲ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ.

ಒಮ್ಮೆ ಅವಳ ಕೈ ಮುರಿಯಿತು. ಮಳೆ ಅಳೆಯುವ ಕಚೇರಿಗೆ ಪ್ರೋಗ್ರಾಂ ಬರೆದು ಕೊಡಬೇಕು, ಇಲ್ಲದಿದ್ದರೆ ಕೆಲಸ ಹೋಗುತ್ತದೆ. ಅವ್ವ ಹೇಳಬೇಕು, ಮಗ ಟೈಪ್ ಮಾಡಬೇಕು. ಶಿವನೇ ಗತಿ!

"ಅಂಕಿಗಳ ಚೌಕ ಐತಿ ನೋಡು. ಅಡ್ಡಸಾಲಿಗೊಂದು ಊರು, ಕಂಬಸಾಲಿಗೊಂದು ತಿಂಗಳು. ಕೂಡಿಸೋ!"

ಕೂಡಿಸಿದ. ಎಲ್ಲ ಊರು, ಎಲ್ಲ ತಿಂಗಳು ಸೇರಿ ಒಂದೇ ಅಂಕಿ! ಯಾವ ಊರಿಗೆ ಎಷ್ಟು ಮಳೆ ಅನ್ನುವುದೇ ಮಾಯ.

"ಅಯ್ಯ ನನ ಮಗನ! ಊರೆಲ್ಲಾ ಕಲಸಿ ಅಂಬಲಿ ಮಾಡಿದೆಲ್ಲೋ! ಕೂಡಿಸು ಅಂದ್ರ, ಅಡ್ಡಕ್ಕೋ ಉದ್ದಕ್ಕೋ ಅಂತ ಮೊದಲ ಕೇಳಬೇಕು!"

"ಹೂನವ್ವಾ!"

ಮರುದಿನ ಕಚೇರಿಯ ತಬಸ್ಸುಮ್ ಮೇಡಂ ಕೆಲಸ ನೋಡಲು ಬಂದರು. ಅವ್ವ ಅಡುಗೆಮನೆಯಿಂದಲೇ ಕೂಗಿದಳು: "ಮೇಡಮ್ಮಾರನ್ನ ಕರದು ಕೂಡಿಸೋ!"

ಫಕೀರಪ್ಪ ಕೈಕಟ್ಟಿ ಕೇಳಿದ: "ಅಡ್ಡಕ್ಕ ಕೂಡಿಸ್ಲೋ, ಉದ್ದಕ್ಕ ಕೂಡಿಸ್ಲೋ ರೀ?"

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು.

"ಏ ಗಾಂಪಾ! ಏನೂ ಹೇಳದಿದ್ರ ಅಡ್ಡಕ್ಕ ಅಂತ ತಿಳ್ಕೊ, ಬಾಯಿ ಮುಚ್ಕೊ!"

"ಹೂನವ್ವಾ!" ಅಂದವನೇ ಬಾಗಿಲಿಗೆ ಅಡ್ಡ ಬೆಂಚು ಎಳೆದು ಮೇಡಂನ ಕೂಡಿಸಿಯೇಬಿಟ್ಟ. ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ, ಹೊರಗಿದ್ದವರು ಒಳಗೆ ಹೋಗುವ ಹಾಗಿಲ್ಲ!

ಮೇಡಂ ಅಲ್ಲೇ ಕೂತು ನೋಡಿದರೆ, ಪ್ರೋಗ್ರಾಮೂ 'ಅಡ್ಡಕ್ಕೋ, ಉದ್ದಕ್ಕೋ?' ಅಂತಲೇ ಕೇಳಿತು; ಸಿಡುಕಿದರು. "ಅಡ್ಡ ಅಂದ್ರೇನ್ರಿ ಗಿರಿಜವ್ವಾರ? ಊರು ಅಳಿಸಿ ಹೋಗ್ತಾವೋ, ಊರು ಉಳೀತಾವೋ? ಸಂಜೀಕ ಸರಿ ಆಗ್ಲಿಲ್ಲಂದ್ರ ಕೆಲಸ ಬ್ಯಾರೆಯವ್ರಿಗೆ!"

ಗಿರಿಜವ್ವ ನೆಟ್ಟಗಿದ್ದ ಕೈಯಿಂದ ಹಣೆ ಬಡಿದುಕೊಂಡಳು. "ಅಡ್ಡನೂ ಬ್ಯಾಡ, ಉದ್ದನೂ ಬ್ಯಾಡ! ಏನು ಉಳೀಬೇಕು ಅಂತ ಕೇಳೋ ನಮ್ಮಪ್ಪಾ!"

"ಹೂನವ್ವಾ!"

ಆ ಮಾತನ್ನೇ ಟೈಪ್ ಮಾಡಿಟ್ಟ. ಪ್ರೋಗ್ರಾಂ ಕೇಳಿತು: ಏನು ಉಳೀಬೇಕು? ಮೇಡಂ 'ಊರು' ಅಂತ ಬರೆದರು. ಊರೂರಿನ ಮಳೆ ಬೇರೆ ಬೇರೆ ಬಂತು! 'ತಿಂಗಳು' ಅಂತ ಬರೆದರು. ತಿಂಗಳು ತಿಂಗಳಿನ ಮಳೆ ಬಂತು!

"ಈಗ ತಿಳೀತು ನೋಡ್ರಿ! ಕೆಲಸ ನಿಮ್ದ!" ಅಂದರು ಮೇಡಂ.

ಹೋದ ಜೀವ ಬಂದಂತಾಯಿತು ಗಿರಿಜವ್ವನಿಗೆ. ನಗುತ್ತ, ಕಣ್ಣೊರೆಸಿಕೊಳ್ಳುತ್ತ ಮಗನ ಕೈಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು.

ಮೇಡಂ ಇನ್ನೇನು ರೊಟ್ಟಿ ಮುರಿಯಬೇಕು, ಫಕೀರಪ್ಪ ಬಗ್ಗಿ ಕೇಳಿದ: "ಏನು ಉಳೀಬೇಕ್ರಿ?"

ಮೇಡಂಗೆ ನಗು ತಡೆಯಲಾಗಲಿಲ್ಲ. "ನಿಮ್ಮವ್ವನ ಕೆಲಸ ಉಳೀತಲ್ಲ, ಅದೊಂದು ಉಳಿದ್ರ ಸಾಕಪ್ಪಾ!"

"ಹೂನ್ರಿ!" ಅಂದ ಫಕೀರಪ್ಪ, ಅವರ ಮುಂದಿದ್ದ ತಾಟು ಎತ್ತಿಕೊಂಡು ಒಳಗೆ ಹೋದ.