ನಾಲ್ಕನೇ ಕಲ್ಲು

ಜವರ ಅಂತ ಒಬ್ಬ ಇದ್ದ ಕಣ್ರಪ್ಪಾ. ಆಳು ಬಾಗಿಲೆತ್ತರ, ಬುದ್ಧಿ ಹೊಸಲಿನಷ್ಟು. ಅವ್ವ ಹೊನ್ನಮ್ಮ ಏನು ಹೇಳಿದ್ರೂ ಹೇಳಿದ ಹಾಗೇ ಮಾಡೋನು. ಅವಳ ಗೋಳೂ ಅದೇ!

ಮಗಳು ಮಾದೇವಿನ ಕಣ್ಣಲ್ಲಿ ನೋಡಿ ಮೂರು ವರ್ಷ ಆಗಿತ್ತು. ಈಗ ಅವಳಿಗೆ ಎಂಟನೇ ತಿಂಗಳು. ಚೊಚ್ಚಲು ಬಾಣಂತನ ನನ್ನ ಕೈಯಲ್ಲೇ ಆಗ್ಬೇಕು ಅಂತ ಹೊನ್ನಮ್ಮನ ಜೀವ ಹಂಬಲಿಸ್ತಿತ್ತು. ಬೀಗರು ಹೇಳಿ ಕಳಿಸಿದ್ರು: "ಹತ್ತನೇ ದಿನ ಗಾಡಿ ಕಟ್ಟಿಸ್ತೀವಿ. ಬಾಣಂತಿಗೆ ಕೋಣೆ ಇಲ್ದಿದ್ರೆ ಗಾಡಿ ಹಾಗೇ ತಿರುಗುತ್ತೆ. ಆಮೇಲೆ ಹೆರಿಗೆ ಇಲ್ಲೇ!"

ಹೊನ್ನಮ್ಮ ಬೆರಳು ಮಡಿಸಿದ್ಲು. ಗೋಡೆಗೆ ನಾಲ್ಕು ದಿನ, ಒಣಗೋಕೆ ಮೂರು, ಸೂರಿಗೆ ಒಂದು, ಬಾಗಿಲಿಗೆ ಒಂದು. ಒಂಬತ್ತು! ಸೂರಿನ ಹುಲ್ಲು ಕೊಯ್ಯೋಕೆ ಎರಡು ದಿನ, ಅದು ಗೋಡೆ ಒಣಗೋವಾಗಲೇ ಮುಗೀತದೆ. ಜಗಲಿ ಮೇಲೆ ನಾಲ್ಕು ಕಲ್ಲಿಟ್ಟು, "ಗೋಡೆ, ಸೂರು, ಬಾಗಿಲು, ನಿಮ್ಮಕ್ಕ. ಒಂದು ಮುಗಿದ್ರೆ ಒಂದು ಕಲ್ಲು ಎತ್ತು" ಅಂದ್ಲು. ಸಂಜೆಯಾದ್ರೆ ನಾಲ್ಕನೇ ಕಲ್ಲನ್ನ ಸವರ್ತಾ ಕೂರೋಳು.

ಗೋಡೆ ಎದ್ದಿತು. "ಒಣಗ್ಲಿ ಕಣೋ" ಅಂತ ಕೂಲಿಗೆ ಹೋದ್ಲು. ಬಂದು ನೋಡಿದ್ರೆ ಜವರ ಗೋಡೆಗೆ ಮುಖ ಕೊಟ್ಟು ಕೂತವ್ನೆ!

"ಏನ್ಲಾ ಮಾಡ್ತಿದ್ದೀಯ?"

"ಒಣಗೋದನ್ನ ಕಾಯ್ತಿದ್ದೀನಿ ಕಣವ್ವ."

"ಅಯ್ಯೋ ಪೆದ್ದೇ! ಒಂದು ಕಾಯೋವಾಗ ಮುಂದಿನದಕ್ಕೆ ಕೈ ಹಾಕ್ಬೇಕು!"

ಹಾಕ್ದ! ಮಾರನೇ ದಿನ ಎರಡು ದಿನದ ಹುಲ್ಲು ಒಂದೇ ದಿನದಲ್ಲಿ ಕೊಯ್ದ, ಗಳ ಕಡಿದ, ಹಸಿ ಗೋಡೆ ಮೇಲೇ ಹೇರಿದ. ಒಂದು ಮೂಲೆ ದೊಪ್ಪಂತ ಕುಸೀತು.

"ಮುಂದಿನದಕ್ಕೆ ಕೈ ಹಾಕಿದೆ ಕಣವ್ವ!"

"ಮನೆಹಾಳ! ಹಿಂದಿನ ಕಲ್ಲು ಎತ್ತದೆ ಮುಂದಿನದನ್ನ ಮುಟ್ಬೇಡ! ಯಾರೇ ಬಂದು ಹೇಳ್ಲಿ, ಮುಟ್ಬೇಡ!"

ಮೂಲೆ ಕಟ್ಟಿ, ಒಣಗಿಸಿ, ಸೂರು ಹೊದಿಸೋ ಹೊತ್ತಿಗೆ ಒಂಬತ್ತು ದಿನ ಕಳೀತು. ಹತ್ತನೇ ದಿನ ಬೆಳಿಗ್ಗೆ ಹೊನ್ನಮ್ಮ ಬಡಗಿ ಮನೆಗೆ ಓಡಿದ್ಲು. ಬಾಗಿಲು ತಲೆ ಮೇಲೆ ಹೊತ್ಕೊಂಡು ಬಂದ್ರೆ, ಬೀದೀಲಿ ಗಾಡಿಯ ಗುರುತು!

"ಅಕ್ಕ ಬಂದಿದ್ಲು ಕಣವ್ವ."

"ಎಲ್ಲೋ? ಒಳಗವ್ಳಾ?"

"ಒಳಗೆ ಹೆಂಗೆ ಬಿಡ್ಲಿ? ಬಾಗಿಲ ಕಲ್ಲು ಇನ್ನೂ ಇಲ್ಲೇ ಐತಲ್ಲ! 'ಬಾಗಿಲಾದ ಮೇಲೆ ನೀನು' ಅಂತ ಅಕ್ಕಂಗೆ ಹೇಳ್ದೆ. 'ಅವ್ವ ಎಲ್ಲೋ' ಅಂತ ಅತ್ಲು. ನಂಗೂ ಅಳು ಬಂತು. ಆದ್ರೂ ಬಿಡ್ಲಿಲ್ಲ ಕಣವ್ವ! ಕೋಣೆ ಮುಗಿದಿಲ್ಲ ಅಂತ ಗಾಡಿಯೋನು ತಿರುಗಿಸ್ಕೊಂಡು ಹೋದ."

"ಬಾಗಿಲ ಜಾಗಕ್ಕೆ ಕಂಬಳಿ ಕಟ್ತಿದ್ದೆನಲ್ಲೋ! ನನ್ನ ಸೀರೆನೇ ಕಟ್ತಿದ್ದೆನಲ್ಲೋ ಪಾಪಿ!"

ಬಾಗಿಲು ಅಲ್ಲೇ ಬಿತ್ತು. ಹೊನ್ನಮ್ಮ ಬರಿಗಾಲಲ್ಲಿ ಓಡಿದ್ಲು. ಕೆರೆ ಏರಿ ಹತ್ತಿ, "ಮಾದೇವೀ! ನನ್ನವ್ವಾ!" ಅಂತ ಕೂಗಿದ್ಲು. ಎತ್ತಿನ ಗೆಜ್ಜೆ ದೂರದಲ್ಲಿ ಒಂದು ಸಲ ಕೇಳಿಸ್ತು. ಆಮೇಲೆ ಅದೂ ಇಲ್ಲ.

ಹಿಂದಿನಿಂದ ಜವರ ಕುಣಿಯುತ್ತಾ ಬಂದ. "ಅವ್ವಾ, ಅಳ್ಬೇಡ! ಬಾಗಿಲು ನಿಲ್ಲಿಸ್ದೆ, ಮೂರನೇ ಕಲ್ಲು ಎತ್ತಿದೆ! ಈಗ ಅಕ್ಕನ್ನ ಬರಹೇಳು!"