ಗುರುಗಳ ಹೆಸರಿನಲ್ಲಿ ಇಟ್ಟ ಶರತ್ತು

"ಕೇಳಿರಪ್ಪೋ ಕೇಳಿ! ಅರಮನೆಯ ಶಾಲೆಯಲ್ಲಿ ಗಣಕಯಂತ್ರದ ವಿದ್ಯೆ ಕಲಿಸಿ ಕಾಲವಾದ ತಿರುಮಲಯ್ಯನವರು, ಅವರ ಧರ್ಮಪತ್ನಿ ಚಂಪಕ್ಕನವರು, ಇವರಿಬ್ಬರ ನೆನಪಿಗೆ ಹೇಮಾಂಗದ ಮಹಾರಾಜರು ವಿದ್ಯಾರ್ಥಿವೇತನ ಇಟ್ಟಿದ್ದಾರೆ. ಮೂರು ಒಗಟು ಬಿಡಿಸಿದವರು ಅರಮನೆಯ ಖರ್ಚಿನಲ್ಲಿ ಓದಬಹುದು. ಓದು ಮುಗಿದ ಮೇಲೆ ಆ ಗುರುಗಳ ಪೀಠದಲ್ಲೇ ಕೂತು ಕಲಿಸಬಹುದು. ಗಂಡಾಗಲಿ ಹೆಣ್ಣಾಗಲಿ, ಯಾವ ಕುಲದವರೇ ಆಗಲಿ ಬರಬಹುದು. ತಪ್ಪು ಹೇಳಿದವರ ತಲೆ ಮಾತ್ರ ಉಳಿಯುವುದಿಲ್ಲ, ಎಚ್ಚರ!"

ಡಂಗುರದವನು ಬುಟ್ಟಿ ಹೆಣೆಯುವವರ ಕೇರಿಗೆ ಬಂದಾಗ ಮಾಳಿ ಬಿದಿರು ಸೀಳುತ್ತಿದ್ದಳು. ಗುರುಗಳ ಹೆಸರು ಕೇಳಿ ಅವಳ ಕಣ್ಣು ತುಂಬಿತು. ಅವರ ಮನೆಗೆ ಬುಟ್ಟಿ ಕೊಡಲು ಹೋದವಳನ್ನು ಚಂಪಕ್ಕ ಕೈಹಿಡಿದು ಕೂರಿಸಿಕೊಂಡು ಪಾಠ ಹೇಳಿದ್ದರು. ಮಕ್ಕಳಿಲ್ಲದ ಆ ಗಂಡಹೆಂಡತಿ ಒಂದೇ ಜ್ವರದಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಿಬಿಟ್ಟರು. ಆದರೆ ತಲೆ ತೆಗೆಯುವ ಮಾತು ಮಾಳಿಗೆ ಅರ್ಥವಾಗಲಿಲ್ಲ. ಅಷ್ಟು ಮೆತ್ತಗಿನ ಜನರ ನೆನಪಿಗೆ ಇಂಥ ಶರತ್ತೇ?

ಪರೀಕ್ಷೆಯ ದಿನ ಬೆಳಿಗ್ಗೆ ಸಿರಿಕಂಠ ಅವಳ ಮನೆ ಬಾಗಿಲಿಗೆ ಬಂದ. ಅವನು ಮಂತ್ರಿಯ ಮಗ, ಆ ಗುರುಗಳ ಬಳಿ ಮಾಳಿಯ ಜೊತೆ ಕಲಿತವನು, ಈಗ ಶಾಲೆಯ ಉಸ್ತುವಾರಿ ನೋಡಿಕೊಳ್ಳುವವನು. ಒಗಟು ಆರಿಸಿದವನೂ ಅವನೇ.

"ಮಾಳಿ, ಮೂರನೆಯದು ಬಲು ಕಷ್ಟದ್ದು," ಎಂದು ಪಿಸುಗುಟ್ಟಿದ. "ಅದರ ಉತ್ತರ ವಿದ್ಯೆ. ಯೋಚನೆ ಮಾಡುತ್ತ ನಿಲ್ಲಬೇಡ, ಹೇಳಿಬಿಡು."

"ಮೊದಲೇ ತಿಳಿದು ಹೋಗುವುದು ಸರಿಯಾ, ಸಿರಿಯಣ್ಣ?"

"ನಿನ್ನ ಪ್ರಾಣಕ್ಕಿಂತ ಸರಿತಪ್ಪು ದೊಡ್ಡದಾ? ನಿನ್ನನ್ನೂ ಕಳಕೊಂಡರೆ ನನಗೆ ಯಾರಿದ್ದಾರೆ?"

ತನಗೂ ಒಬ್ಬ ಅಣ್ಣನಿದ್ದಾನೆ ಎಂದುಕೊಂಡಳು.

ಸಭೆ ಕಿಕ್ಕಿರಿದಿತ್ತು. ರಾಜ ಮೊದಲನೆಯ ಒಗಟು ಹೇಳಿದ: "ಇಬ್ಬರೇ ಇಬ್ಬರು. ಒಬ್ಬನಿಗೆ ಬೆಲೆಯಿಲ್ಲ, ಇನ್ನೊಬ್ಬ ಒಂಟಿ. ಇವರೇ ಸಾಲುಗಟ್ಟಿ ನಿಂತು ಲೋಕದ ಮಾತನ್ನೆಲ್ಲ ಬರೆಯುತ್ತಾರೆ. ಯಾರವರು?"

ಜೋಯಿಸರ ಮಗ ಎದೆಯುಬ್ಬಿಸಿ ಎದ್ದು, "ಸೂರ್ಯ, ಚಂದ್ರ!" ಎಂದ. ಭಟರು ಅವನ ರಟ್ಟೆ ಹಿಡಿದರು. ಮಾಳಿ ಮುಂದೆ ಬಂದು ಉತ್ತರ ಹೇಳಿದಳು. ರಾಜ ಸರಿಯೆಂದು ತಲೆಯಾಡಿಸಿ ಎರಡನೆಯದನ್ನು ಹೇಳಿದ:

"ಹೇಳಿದ್ದನ್ನು ತಪ್ಪದೆ ಮಾಡುತ್ತಾನೆ, ಬೇಕಾದ್ದು ಏನೆಂದು ಅರಿಯ. ತಪ್ಪು ಹೇಳಿದರೆ ತಪ್ಪನ್ನೂ ಶ್ರದ್ಧೆಯಿಂದ ಮಾಡುತ್ತಾನೆ. ದಣಿವಿಲ್ಲ, ಬುದ್ಧಿಯೂ ಇಲ್ಲ. ಯಾರು?"

"ನಮ್ಮನೆ ಆಳು!" ಎಂದು ರೇಷ್ಮೆ ವ್ಯಾಪಾರಿಯ ಮಗ ಕೂಗಿದ. ಸಭೆ ನಕ್ಕಿತು, ಅವನನ್ನು ಎಳೆದೊಯ್ಯುವಾಗ ನಗು ನಿಂತಿತು. ಮಾಳಿ ಅದಕ್ಕೂ ಉತ್ತರ ಹೇಳಿದಳು. ಉಳಿದವರು ಮೆಲ್ಲಗೆ ಹಿಂದೆ ಸರಿದರು.

"ಕೊನೆಯದು. ನಾವೇ ಕೈಯಾರೆ ಇಟ್ಟದ್ದು, ಇಟ್ಟದ್ದು ನಮಗೇ ಗೊತ್ತಿಲ್ಲ. ಹುಡುಕುವ ತನಕ ಕಾಟ, ಸಿಕ್ಕಾಗ ನಾಚಿಕೆ, ಸಿಕ್ಕ ಮೇಲೆ ಸುಖ. ಇದನ್ನು ದಾಟದೆ ಯಾರೂ ಪಂಡಿತರಾಗಲಿಲ್ಲ. ಏನದು?"

ವಿದ್ಯೆ ಎಂಬ ಮಾತು ಮಾಳಿಯ ನಾಲಗೆಯ ತುದಿಗೆ ಬಂದಿತ್ತು. ಆದರೆ ವಿದ್ಯೆ ಸಿಕ್ಕಾಗ ಯಾರು ನಾಚುತ್ತಾರೆ? ಅವಳು ಸಿರಿಕಂಠನ ಕಡೆ ತಿರುಗಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಕತ್ತಿ ಹಿಡಿದು ನಿಂತ ಭಟನನ್ನು ನೋಡುತ್ತಿದ್ದ. ಅವನು ಬೇಕೆಂದೇ ಸುಳ್ಳು ಉತ್ತರ ಹೇಳಿಕೊಟ್ಟಿದ್ದಾನೆ ಎಂದು ಮಾಳಿಗೆ ಹೊಳೆಯಿತು.

"ತಪ್ಪು," ಎಂದಳು. "ಅದು ತಪ್ಪು, ಮಹಾಪ್ರಭು."

"ಭಲೆ! ಮೂರನ್ನೂ ಬಿಡಿಸಿ ಹೇಳು."

"ಮೊದಲನೆಯದು ಸೊನ್ನೆ ಮತ್ತು ಒಂದು. ಯಂತ್ರಕ್ಕೆ ಗೊತ್ತಿರುವುದು ಅವೆರಡೇ ಅಕ್ಷರ. ಎರಡನೆಯದು ಆ ಗಣಕಯಂತ್ರವೇ. ಮೂರನೆಯದು ಯಂತ್ರಕ್ಕೆ ಅಪ್ಪಣೆ ಬರೆಯುವಾಗ ನಮಗರಿಯದೆ ನುಸುಳುವ ತಪ್ಪು. ನಾನು ತಪ್ಪಿದಾಗಲೆಲ್ಲ ಚಂಪಕ್ಕ ಚಪ್ಪಾಳೆ ತಟ್ಟಿ, 'ಇವತ್ತು ಒಂದು ಹೊಸದು ಕಲಿತೆ' ಅನ್ನುತ್ತಿದ್ದರು. ಅಂಥವರ ಹೆಸರಿನಲ್ಲಿ, ತಪ್ಪಿದವರ ತಲೆ ತೆಗೆಯುತ್ತೀರಾ?"

ರಾಜ ತಬ್ಬಿಬ್ಬಾದ. "ಶರತ್ತು ನನ್ನದಲ್ಲವಮ್ಮ. ಅದು ಗುರುಗಳ ಕೊನೆಯ ಆಸೆ ಎಂದು ಸಿರಿಕಂಠ ಹೇಳಿದ."

ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಆ ಪೀಠ ನನಗೆ ಬರಬೇಕಿತ್ತು," ಎಂದ ಸಿರಿಕಂಠ. "ಹೆದರಿ ಯಾರೂ ಬರಲಾರರು ಅಂದುಕೊಂಡೆ. ನೀನು ಬರುತ್ತೀಯೆಂದು ಗೊತ್ತಿತ್ತು, ಮಾಳಿ. ಅದಕ್ಕೇ..."

"ಇವನ ಶರತ್ತು ಇವನಿಗೇ ಸಲ್ಲಲಿ!" ಎಂದು ರಾಜ ಗುಡುಗಿದ.

"ಬೇಡ, ಪ್ರಭು. ಇವನನ್ನೂ ಬಿಡಿ, ಹಿಡಿದಿಟ್ಟವರನ್ನೂ ಬಿಡಿ," ಎಂದು ಮಾಳಿ ಬೇಡಿದಳು. ಆಮೇಲೆ ಸಿರಿಕಂಠನ ಹತ್ತಿರ ಹೋದಳು. "ಒಂದು ಮಾತು ಹೇಳು. ಚಂಪಕ್ಕನ ಚಿತೆಯ ಮುಂದೆ ನನ್ನ ಹೆಗಲ ಮೇಲೆ ಬಿದ್ದು ಅತ್ತೆಯಲ್ಲ, ಅದಾದರೂ ನಿಜವಾ?"

ಅವನು ಅವಳಿಗೆ ಬೆನ್ನು ತಿರುಗಿಸಿ ಭಟರ ಕಡೆ ನಡೆದ. ತಲೆ ಉಳಿಸಿ ಗಡೀಪಾರು ಮಾಡಿ ಎಂದು ರಾಜ ಹೇಳಿದ, ಭಟರು ಅವನನ್ನು ಗಡಿಯಾಚೆ ಬಿಡಲು ಕರೆದೊಯ್ದರು.

ವಿದ್ಯಾರ್ಥಿವೇತನ ಮಾಳಿಯದಾಯಿತು. ರಾಜ ಶರತ್ತನ್ನು ಕಿತ್ತುಹಾಕಿ, ಒಗಟಿಗೆ ತಪ್ಪಿದ್ದ ಆ ಇಬ್ಬರನ್ನೂ ಶಾಲೆಗೆ ಸೇರಿಸಿದ. ಮಾಳಿ ಚೆನ್ನಾಗಿ ಓದಿದಳು, ಪೀಠವೇರಿದಳು, ನಾಡೇ ಕೊಂಡಾಡುವ ಗುರುವಾದಳು. ಆದರೆ ಆ ಊರಿನವರು ಇನ್ನೊಂದು ಮಾತನ್ನೂ ಹೇಳುತ್ತಾರೆ: ಅವಳು ಎಷ್ಟೋ ಜನರನ್ನು ಮಗನೇ, ಮಗಳೇ ಎಂದು ಬಾಯ್ತುಂಬ ಕರೆದಳಂತೆ, ಯಾರನ್ನೂ ಮತ್ತೆ ಅಣ್ಣ ಎಂದು ಕರೆಯಲಿಲ್ಲವಂತೆ.